ಕತ್ತರಿಸಿದ ಕೆಮ್ಮು

ಅಕ್ಕ ತೀರಿಕೊಂಡ ಮೇಲೂ ದಿನಾ ಸಂಜೆ ಟಿವಿಯಲ್ಲಿ ಮಾತಾಡುತ್ತಿದ್ದಳು.

ಗುಳುಂಬ ಎಂಬ ನೀರುನಾಯಿ ಮರಿಯ ಕಾರ್ಟೂನು ಅದು. ಎಲ್ಲೋ ಹೊರದೇಶದಲ್ಲಿ ತಯಾರಾಗಿ, ಅಲ್ಲಿಯ ಭಾಷೆಯಲ್ಲೇ ನಮ್ಮ ಸ್ಟುಡಿಯೋಗೆ ಬರುತ್ತಿತ್ತು. ಮರಿಯ ಬಾಯಿ ತೆರೆದಾಗ ತೆರೆಯುವ, ಮುಚ್ಚಿದಾಗ ಮುಚ್ಚುವ ಮಾತುಗಳನ್ನು ಹುಡುಕಿ ಬರೆಯುವುದು ನನ್ನ ಕೆಲಸ. ಅವನ್ನು ಹೇಳುವುದು ಅಕ್ಕನ ಕೆಲಸವಾಗಿತ್ತು. ಮನೆಯಲ್ಲಿ ಅವಳದು ದಪ್ಪ ದನಿ, ತರಕಾರಿಯವನು ತಾನಾಗಿಯೇ ಎರಡು ಈರುಳ್ಳಿ ಹೆಚ್ಚಿಗೆ ಹಾಕುವಂಥದ್ದು. ಮೈಕಿನ ಮುಂದೆ ಕೂತರೆ ಮೂಗಿಗೂ ಗಂಟಲಿಗೂ ನಡುವೆ ಎಲ್ಲಿಂದಲೋ ಒಂದು ಮರಿ ಎದ್ದು ಬರುತ್ತಿತ್ತು.

ಮಕ್ಕಳಿಗೆಲ್ಲ ಗುಳುಂಬನ ಹುಚ್ಚು. ಗುಳುಂಬನ ಚೀಲ, ಗುಳುಂಬನ ಚಪ್ಪಲಿ, ಗುಳುಂಬನ ಮುಖದ ಬಲೂನು. ಅಕ್ಕನ ಮಗಳು ಚಿಟ್ಟುವಿನ ಹತ್ತಿರ ಇವು ಒಂದೂ ಇರಲಿಲ್ಲ. "ನಿಜವಾದ್ದೇ ಮನೇಲಿ ಪಾತ್ರೆ ತೊಳೀತಿರುತ್ತಲ್ಲ, ಅದ್ಯಾಕೆ ಬೇಕು?" ಎಂದು ಅಂಗಡಿಯವನ ಮುಂದೆಯೇ ಅಂದಿದ್ದಳು. ಅಂಗಡಿಯವನಿಗೆ ಅರ್ಥವಾಗದೆ ನನ್ನ ಮುಖ ನೋಡಿದ್ದ.

ಅಕ್ಕನ ಶ್ವಾಸಕೋಶ ಕೆಟ್ಟಿದ್ದು ನಿಧಾನವಾಗಿ. ಹೋಗಿದ್ದು ಬೇಗ. ಅವಳು ಹಾಸಿಗೆ ಹಿಡಿದಾಗ ನಾನು ನನ್ನ ಬಾಡಿಗೆ ಕೋಣೆ ಬಿಟ್ಟು ಅವರ ಮನೆಗೇ ಬಂದೆ. ಅವಳು ಹೋದ ಮೇಲೂ ಅಲ್ಲೇ ಉಳಿದೆ. ಚಿಟ್ಟು ಸ್ಕೂಲಿನಿಂದ ಬಂದು, ಕೈಕಾಲು ತೊಳೆದು, ಹಳೆಯ ಪತ್ರಿಕೆಯ ಪುರವಣಿಯೊಂದನ್ನು ಹಿಡಿದು ಟಿವಿಯ ಮುಂದೆ ನೆಲದ ಮೇಲೆ ಬೋರಲು ಮಲಗುತ್ತಿದ್ದಳು. ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟವೆಂದರೆ ಅವಳಿಗೆ ಪ್ರಾಣ. ಒಂದು ಚಿತ್ರದಲ್ಲಿ ಮುದುಕನ ಕೋಟಿಗೆ ಗುಂಡಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅವಳು ಎಲ್ಲಕ್ಕೂ ಸುತ್ತು ಹಾಕಿ ಮುಗಿಸಿರುತ್ತಿದ್ದಳು. ಪಕ್ಕದಲ್ಲಿ ಬೆಕ್ಕು. ಮನೆಗೆ ಬಂದ ಪ್ರತಿ ಚೀಲದೊಳಗೂ ತಲೆ ತೂರಿಸಿ ತಪಾಸಣೆ ಮಾಡುವುದರಿಂದ ಅದಕ್ಕೆ ಇನ್ಸ್‌ಪೆಕ್ಟರ್ ಎಂದು ಹೆಸರು. ಗುಳುಂಬನ ಹಾಡು ಶುರುವಾದ ಕೂಡಲೇ ಭಾವ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಆ ಅರ್ಧ ಗಂಟೆ ಚಿಟ್ಟು ಮಾಮೂಲಿನಂತೆ ನಗುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆ ಅರ್ಧ ಗಂಟೆಯೂ ಹೋಗುವುದರಲ್ಲಿದೆ ಎಂದು ಮೊದಲು ಹೇಳಿದವರು ಮೀಟರ್.

ಮೀಟರ್ ಎಂದರೆ ನಮ್ಮ ಸೌಂಡ್ ಎಂಜಿನಿಯರ್. ಗಾಜಿನಾಚೆ ಯಾರು ಅತ್ತರೂ ನಕ್ಕರೂ ಅವರ ಕಣ್ಣು ದನಿಯ ಏರಿಳಿತ ತೋರಿಸುವ ಮುಳ್ಳಿನ ಮೇಲೆಯೇ ಇರುತ್ತದೆಂದು ಅಕ್ಕ ಇಟ್ಟ ಹೆಸರು. ಈಗ ಸ್ಟುಡಿಯೋಗೆ ಬರುವ ಕೊರಿಯರ್‌ನವನೂ ಹಾಗೇ ಕರೆಯುತ್ತಾನೆ.

"ಚಾನೆಲ್‌ನವರು ಬೇರೆ ದನಿ ಹುಡುಕ್ತಿದ್ದಾರೆ, ರೈಟರಮ್ಮ," ಎಂದರು. "ಕೊನೇ ಕಂತುಗಳು ಬಾಕಿ ಇವೆಯಲ್ಲ, ಅದಕ್ಕೆ."

"ಹುಡುಕಲಿ."

"ಹೊಸಬರು ಬಂದ್ರೆ ಹಳೇದನ್ನೂ ಅವರ ಹತ್ರಾನೇ ಹೇಳಿಸ್ತಾರಂತೆ. ಒಂದೇ ಗುಳುಂಬನಿಗೆ ಎರಡು ದನಿ ಇದ್ರೆ ಮಕ್ಕಳು ಗಲಾಟೆ ಮಾಡ್ತಾರೆ ಅಂತ."

"ಹಾಗಾದ್ರೆ ಅಕ್ಕ?"

ಮೀಟರ್ ಮುಳ್ಳಿನತ್ತ ತಿರುಗಿದರು. ಮುಳ್ಳು ಅಲುಗುತ್ತಿರಲಿಲ್ಲ.

ನಾನೇ ಕೇಳಿದೆ. "ಅವಳು ಇಷ್ಟು ದಿನ ಹೇಳಿದ ಮಾತೆಲ್ಲ ನಿಮ್ಮ ಹತ್ರ ಇದೆಯಲ್ಲ. ಅದರಲ್ಲೇ ಕತ್ತರಿಸಿ ಅಂಟಿಸಿದ್ರೆ?"

"ಕಸಿ ಮಾಡೋದಾ?" ಮೀಟರ್ ಕುರ್ಚಿ ತಿರುಗಿಸಿದರು. "ಒಂದು ಪದ, ಎರಡು ಪದ ಮಾಡಿದೀನಿ. ನೆಗಡಿ ಆಗಿ ಯಾರಾದ್ರೂ ಬರದೇ ಇದ್ದಾಗ. ಇಡೀ ಕಂತು ಯಾವನೂ ಮಾಡಿಲ್ಲ. ತಲೆ ಕೆಟ್ಟವರ ಕೆಲಸ ಅದು."

"ನಾವಿಬ್ಬರಿದ್ದೀವಲ್ಲ."

ಅವರು ನಕ್ಕರು. ನಕ್ಕಿದ್ದೇ ಒಪ್ಪಿಗೆಯಾಯಿತು.

ಹೀಗೆ ಶುರುವಾಯಿತು. ಅಕ್ಕ ಆಗಲೇ ಹೇಳಿದ ಪದಗಳಲ್ಲಿ ಮಾತ್ರ ನಾನು ಹೊಸ ಕಂತುಗಳನ್ನು ಬರೆಯಬೇಕು. ಅದು ಎಂಥ ಪದಬಂಧವೆಂದು ಕೈ ಹಾಕುವವರೆಗೆ ಗೊತ್ತಿರಲಿಲ್ಲ. ದೋಣಿ ಇತ್ತು, ಹುಟ್ಟು ಇರಲಿಲ್ಲ. ಕಾರ್ಟೂನಿನ ಅಜ್ಜಿ ಆಮೆಗೆ ಕೊಡಲು ಮೀನು ಬೇಕಾದಷ್ಟಿತ್ತು, ತಟ್ಟೆ ಇರಲಿಲ್ಲ. ಮರಕ್ಕೆ ಎಂದಿದ್ದಳು, ಮರದಿಂದ ಎಂದಿರಲಿಲ್ಲ. ದಡದಿಂದ ಎಂದ ಕಡೆ ಬಾಲ ಕತ್ತರಿಸಿ ತಂದು ಮರಕ್ಕೆ ಅಂಟಿಸಿದೆವು. ಒಂದು ಕಂತಿನಲ್ಲಿ ಗುಳುಂಬ ತನಗೆ ಗುಡುಗಿನ ಹೆದರಿಕೆ ಇಲ್ಲವೆಂದು ಜಂಬ ಕೊಚ್ಚಬೇಕಿತ್ತು. ಗುಡುಗು ಎಲ್ಲೂ ಸಿಗಲಿಲ್ಲ. ಇಡೀ ದಿನ ಹುಡುಕಿ, ಕೊನೆಗೆ "ಆ ಸದ್ದಿಗೆ ನನಗೇನೂ ಭಯ ಇಲ್ಲಪ್ಪ" ಎಂದು ಮಾಡಿದೆ. ಸಿಕ್ಕಾಗ ಎಂಥ ಖುಷಿ! ಬಸ್ಸಿನಲ್ಲಿ ಕೂತು, ಪಕ್ಕದವರು ಫೋನಿನಲ್ಲಿ ಆಡುವ ಮಾತು ಕೇಳುತ್ತ, ಇದನ್ನು ಅಕ್ಕ ಹೇಳಬಲ್ಲಳು, ಇದನ್ನು ಹೇಳಲಾರಳು ಎಂದು ಮನಸ್ಸಿನಲ್ಲೇ ಬೇರ್ಪಡಿಸುತ್ತಿದ್ದೆ. ಸತ್ತವರ ಹತ್ತಿರ ಎಷ್ಟು ಮಾತು ಉಳಿದಿರುತ್ತದೆ ಎಂದು ನನ್ನಷ್ಟು ಸರಿಯಾಗಿ ತಿಳಿದವರು ಬೇರೆ ಇರಲಿಕ್ಕಿಲ್ಲ.

ಒಂದು ಮಧ್ಯಾಹ್ನ ಮೀಟರ್ ಊಟಕ್ಕೆ ಹೋದಾಗ, ಕಂತಿಗೆ ಬೇಡದ ಒಂದು ವಾಕ್ಯ ಜೋಡಿಸಿದೆ. "ನಾನಿಲ್ಲೇ ಇದ್ದೀನಿ, ನೀನು ತಿನ್ನು." ಮೂರು ಬೇರೆ ಬೇರೆ ಕಂತಿನ ತುಣುಕು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮತ್ತೆ ಕೇಳಿದೆ. ಮೂರನೆಯ ಸಲ ಕೇಳುವಾಗ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ, ತಿರುಗಿ ನೋಡುವ ಧೈರ್ಯವಾಗದೆ, ಎದುರಿನ ಗಾಜಿನಲ್ಲಿ ನನ್ನ ಹಿಂದಿನ ಗೋಡೆಯನ್ನು ನೋಡಿದೆ. ಗೋಡೆ ಮಾತ್ರ ಇತ್ತು. ಅದನ್ನು ಅಳಿಸಿ, ಡಬ್ಬಿ ಬಿಚ್ಚಿ, ತಣ್ಣಗಾದ ಅನ್ನ ತಿಂದೆ.

ಮೊದಲ ಕಸಿ ಕಂತು ಮುಗಿದು ಅದನ್ನು ಪೂರ್ತಿ ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಪದಗಳೆಲ್ಲ ಅಕ್ಕನವೇ. ಆದರೂ ರೈಲ್ವೆ ಸ್ಟೇಷನ್ನಿನಲ್ಲಿ ಯಾವ ಗಾಡಿ ಎಷ್ಟು ತಡ ಎಂದು ಹೇಳುವ ಹೆಂಗಸಿನ ಹಾಗೆ ಇತ್ತು.

"ಉಸಿರಿಲ್ಲ," ಎಂದರು ಮೀಟರ್. "ಜನ ಮಾತಾಡೋವಾಗ ಮಧ್ಯೆ ಉಸಿರು ಎಳ್ಕೋತಾರೆ. ನಾನು ಅದನ್ನ ಗುಡಿಸಿ ಹಾಕೋದಕ್ಕೇ ಸಂಬಳ ತಗೊಂಡಿದ್ದು. ಈಗ ಅದೇ ಕಸದ ಬುಟ್ಟಿಗೆ ಕೈ ಹಾಕ್ಬೇಕು ನೋಡಿ."

ಕಂಪ್ಯೂಟರಿನಲ್ಲಿ ಯಾವುದೂ ನಿಜವಾಗಿ ಅಳಿದಿರುವುದಿಲ್ಲ. ಕತ್ತರಿಸುವ ಮೊದಲಿನ ಮೂಲ ಧ್ವನಿಮುದ್ರಣಗಳನ್ನು ಅವರು ಹೊರಗೆ ತೆಗೆದರು. ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಅಕ್ಕನ ಉಸಿರು ಎಷ್ಟು ಹಗುರವೆಂದರೆ ಮೈಕಿಗೆ ಸಿಕ್ಕಿರಲೇ ಇಲ್ಲ. ಅವಳು ಕೊನೆಕೊನೆಯಲ್ಲಿ ಹೇಳಿದ ಕಂತುಗಳಲ್ಲಿ ಮಾತ್ರ ಉಸಿರು ಕೇಳಿಸುತ್ತಿತ್ತು. ಅವುಗಳಲ್ಲಿ ಒಂದನ್ನು ಮೀಟರ್ ಆರಿಸಿದರು. ಉದ್ದಕ್ಕೆ ಎಳೆದ, ಸ್ವಚ್ಛವಾದ, ತುದಿಯಲ್ಲಿ ಸಣ್ಣಗೆ ಎಲ್ಲೋ ಸಿಕ್ಕಿಕೊಂಡಂತೆ ನಿಲ್ಲುವ ಉಸಿರು. ಅದರ ಬೆನ್ನಿಗೇ ಒಂದು ಕೆಮ್ಮು ಇತ್ತು. ಕೆಮ್ಮನ್ನು ಬಿಟ್ಟು ಉಸಿರನ್ನಷ್ಟೇ ತೆಗೆದು, ಉದ್ದ ಮಾತುಗಳ ಮುಂದೆಲ್ಲ ಇಟ್ಟರು.

ಮತ್ತೆ ಕೇಳಿದೆವು. ಕಸಿ ಹಿಡಿದಿತ್ತು. ಗುಳುಂಬ ಉಸಿರು ಎಳೆದುಕೊಂಡು ಮಾತಾಡಿದ. ಮೀಟರ್ ಮುಳ್ಳಿನಿಂದ ಕಣ್ಣು ತೆಗೆದು ನನ್ನನ್ನು ನೋಡಿದರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

ಚಾನೆಲ್‌ನವರಿಗೆ ಏನೂ ಗೊತ್ತಾಗಲಿಲ್ಲ. ಆಕೆ ಇಷ್ಟೆಲ್ಲ ಮೊದಲೇ ಮಾಡಿಟ್ಟಿದ್ದರಾ, ಪಾಪ, ಎಂದರಂತೆ.

ಆ ಕಂತು ಬಂದ ಸಂಜೆ ನಾನು ಚಿಟ್ಟುವಿನ ಪಕ್ಕದಲ್ಲೇ ಕೂತೆ.

"ಇದು ಹೊಸದಾ ಚಿಕ್ಕಿ?"

"ಹೂಂ."

"ಅಮ್ಮ ಯಾವಾಗ ಹೇಳಿದ್ದು?"

"ಮುಂಚೇನೇ ಹೇಳಿಟ್ಟಿದ್ಲು."

ಅವಳು ತಲೆಯಾಡಿಸಿ ಪುರವಣಿಗೆ ಮರಳಿದಳು. ಗುಳುಂಬ ಅಜ್ಜಿ ಆಮೆಗೆ ಏನೋ ಹೇಳಲು ಉಸಿರು ಎಳೆದುಕೊಂಡ. ಚಿಟ್ಟುವಿನ ಪೆನ್ಸಿಲು ನಿಂತಿತು. ಗುಳುಂಬ ಹೇಳಿದ್ದು ತಮಾಷೆಯ ಮಾತು, ನಾನು ಬಹಳ ಕಷ್ಟಪಟ್ಟು ಹೊಂದಿಸಿದ್ದು. ಅವಳು ನಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಟಿವಿಯನ್ನೇ ನೋಡುತ್ತ, ಮುಖ ಕೆಂಪಾಗುವವರೆಗೆ ಹಾಗೇ ಇದ್ದು, ನೀರಿನಿಂದ ಮೇಲೆದ್ದವಳಂತೆ ಬುಸ್ಸೆಂದು ಬಿಟ್ಟಳು. ಬೆಕ್ಕು ಹೆದರಿ ಸೋಫಾದಡಿ ಸೇರಿತು.

"ಏನೇ ಅದು?"

"ಏನಿಲ್ಲ."

ಮತ್ತೊಂದು ಉಸಿರು ಬಂದಾಗ ಮತ್ತೆ ಹಾಗೇ ಮಾಡಿದಳು. ಕಂತು ಮುಗಿಯುವವರೆಗೂ ಮಾಡಿದಳು. ಆಟವಿರಬೇಕು ಎಂದುಕೊಂಡೆ, ಮಕ್ಕಳು ಏನೇನೋ ಆಡುತ್ತವೆ.

ವಾರ ಕಳೆಯುವಷ್ಟರಲ್ಲಿ ಟಿವಿ ಇಲ್ಲದಾಗಲೂ ಶುರುವಾಯಿತು. ಊಟದ ನಡುವೆ, ಲೆಕ್ಕ ಮಾಡುವಾಗ, ಬೂಟಿನ ಲೇಸು ಕಟ್ಟುವಾಗ, ಇದ್ದಕ್ಕಿದ್ದಂತೆ ಉಸಿರು ಹಿಡಿದು, ಕಿವಿ ಕೊಟ್ಟು ಕೂರುತ್ತಿದ್ದಳು. ಸ್ಕೂಲಿನ ಟೀಚರು ಫೋನು ಮಾಡಿ, ಪ್ರಾರ್ಥನೆಯ ಸಾಲಿನಲ್ಲಿ ತಲೆ ಸುತ್ತಿ ಬಿದ್ದಳೆಂದರು. ಭಾವ ಕೆಲಸ ಬಿಟ್ಟು ಓಡಿಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ತಾಯಿಯ ಕಾಯಿಲೆಯೇ ಮಗಳಿಗೂ ಬಂತೆಂದು ಹೆದರಿದ್ದರು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶ ಚೊಕ್ಕಟವಾಗಿದೆ, ಮಗುವಿಗೆ ಇನ್ನೇನೋ ಯೋಚನೆ ಇದೆ, ಮಾತಾಡಿಸಿ ಎಂದರು.

ಮನೆಗೆ ಬಂದು ಮಾತಾಡಿಸಿದೆ. ಹಾಸಿಗೆಯ ಮೇಲೆ ಕೂತು ಬೆಕ್ಕಿನ ಕಿವಿ ಮಡಚುತ್ತಿದ್ದಳು.

"ಯಾಕೆ ಕಂದ ಉಸಿರು ಹಿಡೀತೀಯ?"

"ಕೇಳಿಸ್ಕೊಳ್ಳೋಕೆ."

"ಏನನ್ನ?"

"ಅಮ್ಮ ಕೆಮ್ಮಲೇ ಇಲ್ಲ," ಎಂದಳು. "ಉಸಿರು ತಗೊಂಡ್ಲು. ಆಮೇಲೆ ಕೆಮ್ಮಬೇಕಿತ್ತು. ಕೆಮ್ಮಲೇ ಇಲ್ಲ."

ಅಕ್ಕನ ಕೊನೆಯ ವಾರಗಳಲ್ಲಿ ನಾವೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ಅವಳು ಉದ್ದಕ್ಕೆ ಉಸಿರು ಎಳೆಯುವಳು, ಅದು ತುದಿಯಲ್ಲಿ ಸಿಕ್ಕಿಕೊಳ್ಳುವುದು, ಒಂದು ಗಳಿಗೆ ಏನೂ ಇರದು, ಆಮೇಲೆ ಕೆಮ್ಮು. ಕೆಮ್ಮು ಬಂತೆಂದರೆ ಅವಳು ಇದ್ದಾಳೆ. ನಾವು ಮೂವರೂ ಮಗ್ಗುಲು ಬದಲಿಸಿ ನಿದ್ದೆ ಹೋಗುತ್ತಿದ್ದೆವು. ಕೆಮ್ಮು ತಡವಾದರೆ ಭಾವ ಎದ್ದು ದೀಪ ಹಾಕುತ್ತಿದ್ದರು. ಒಂದು ಸಲ ಬರಲೇ ಇಲ್ಲ. ಆ ಉಸಿರು ಎಂಥದ್ದೆಂದು ಸ್ಟುಡಿಯೋದಲ್ಲಿ ಕೂತು ನನಗೆ ಗುರುತು ಹತ್ತಲಿಲ್ಲ, ಆಗ ಅದು ನನಗೆ ವಾಕ್ಯದ ಮೊದಲಿನ ಜಾಗ ತುಂಬುವ ವಸ್ತುವಾಗಿತ್ತು. ನಾನು ಹಾಗೂ ಮೀಟರ್ ಸೇರಿ ಆ ಕೊನೆಯ ಉಸಿರಿನಂಥದ್ದನ್ನೇ ಟಿವಿಯಲ್ಲಿ ಹಾಕಿ, ಒಂದೇ ಕಂತಿನಲ್ಲಿ ಎಷ್ಟೋ ಸಲ, ಮುಂದೆ ಕೆಮ್ಮು ಬಾರದಂತೆ ನೋಡಿಕೊಂಡಿದ್ದೆವು. ಚಿಟ್ಟು ಪ್ರತಿ ಸಲವೂ ಕಾದಿದ್ದಳು.

ಭಾವ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದರು. ಹೋಗಿ ಎಲ್ಲ ಹೇಳಿದೆ. ಅವರು ಲೋಟ ಇಟ್ಟರು.

"ಅವಳಾಡಿದ ಮಾತಲ್ಲ ಅದು ಅಂತ ನನಗೆ ಅವತ್ತೇ ಗೊತ್ತಾಯ್ತು," ಎಂದರು. "ಬಾಲ್ಕನಿಗೂ ಕೇಳಿಸುತ್ತೆ."

"ಮತ್ತೆ ಯಾಕೆ ಹೇಳಲಿಲ್ಲ ಭಾವ?"

"ನನಗೂ ಕೇಳ್ಬೇಕು ಅನ್ನಿಸ್ತಿತ್ತಲ್ಲ."

ಅವರು ದೊಡ್ಡ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವವರು. ಮಾತು ಕಡಿಮೆ. ಲೋಟದ ಅಂಚನ್ನು ಬೆರಳಿನಿಂದ ಸವರಿ, "ಎರಡು ಮಹಡಿ ಮಧ್ಯೆ ಲಿಫ್ಟ್ ನಿಂತ್ರೆ ಮೋಟರ್ ಆಮೇಲೆ ನೋಡ್ತೀವಿ," ಎಂದರು. "ಒಳಗಿರೋರನ್ನ ಮೊದ್ಲು ಇಳಿಸ್ತೀವಿ. ಮೊದ್ಲು ಮಗೂನ ಇಳಿಸಮ್ಮ. ಹೇಗೆ ಅಂತ ನನಗೆ ಗೊತ್ತಿಲ್ಲ. ಹತ್ತಿಸಿದವಳು ನೀನು."

ಮರುದಿನ ಭಾನುವಾರ. ಚಿಟ್ಟುವನ್ನು ಕರೆದುಕೊಂಡು ಸ್ಟುಡಿಯೋಗೆ ಹೋದೆ. ಮುಂಚೆಯೇ ಫೋನು ಮಾಡಿದ್ದರಿಂದ ಮೀಟರ್ ಬಾಗಿಲು ತೆರೆದು ಕಾಯುತ್ತಿದ್ದರು. ಮಗುವಿನ ಎದುರು ಏನು ಮಾತಾಡಬೇಕೆಂದು ತಿಳಿಯದೆ ಚಿಟ್ಟುವಿಗೆ ಕುರ್ಚಿ ಒರೆಸಿಕೊಟ್ಟರು, ಅದರ ಎತ್ತರ ಸರಿ ಮಾಡಿದರು, ಮತ್ತೆ ಒರೆಸಿದರು.

"ಇದೆಲ್ಲ ಬೇಕಾ ರೈಟರಮ್ಮ?" ಎಂದರು ನನ್ನ ಕಿವಿಯ ಹತ್ತಿರ. "ಹಳೇ ಕಂತು ಯಾವುದಾದ್ರೂ ಕೇಳಿಸಿ ಕಳಿಸೋಣ. ಆರೋಗ್ಯವಾಗಿದ್ದಾಗಿನದು."

"ಅವಳಿಗೆ ಕೆಮ್ಮು ಬೇಕು."

"ಕೆಮ್ಮು..." ಮೀಟರ್ ಪರದೆಯ ಕಡೆ ತಿರುಗಿದರು. "ಇದೆ. ಇದೆ ಅದು."

ಅವರು ಮೂಲ ಮುದ್ರಣವನ್ನು ತೆರೆದು, ಆ ಉಸಿರಿಗಿಂತ ಸ್ವಲ್ಪ ಹಿಂದಿನಿಂದ ಬಿಟ್ಟರು. ಗುಳುಂಬ ಏನೋ ಹೇಳುತ್ತಿದ್ದ. ಉಸಿರು ಬಂತು. ತುದಿಯಲ್ಲಿ ಸಿಕ್ಕಿಕೊಂಡಿತು. ಚಿಟ್ಟು ನನ್ನ ಕೈ ಹಿಡಿದಳು, ಕೆನ್ನೆ ಉಬ್ಬಿದವು. ಆ ಗಳಿಗೆ ನನಗೂ ಅದು ಬಾರದೇ ಹೋದರೆ ಎಂಬ ಹೆದರಿಕೆ ಹುಟ್ಟಿತು. ಮುಂದೆ ಅದಿದೆ ಎಂದು ಗೊತ್ತಿದ್ದೂ, ಪರದೆಯ ಮೇಲೆ ಅದರ ಗೆರೆಗಳು ಕಣ್ಣಿಗೆ ಕಾಣುತ್ತಿದ್ದೂ.

ಕೆಮ್ಮು ಬಂತು. ಒಂದರ ಹಿಂದೆ ಒಂದು, ಗುಳುಂಬನ ದನಿಯಲ್ಲಲ್ಲ, ಅಕ್ಕನ ದಪ್ಪ ದನಿಯಲ್ಲಿ. ಆಮೇಲೆ ಅವಳ ಮಾತು.

"ಅಯ್ಯಯ್ಯೋ. ಮೀಟರ್, ಕಿವಿ ಹೋಯ್ತಾ?"

ದೂರದಲ್ಲಿ ಮೀಟರರ ದನಿ. "ಹೋದ್ರೆ ಹೋಗ್ಲಿ ಬಿಡಿ, ಹೆಂಡತಿ ಹೇಳಿದ್ದು ಕೇಳಿಸಲ್ಲ."

ಅಕ್ಕ ನಕ್ಕಳು. ಕುರ್ಚಿ ಕಿರುಗುಟ್ಟಿತು. "ಒಂಚೂರು ನೀರು ಕುಡಿದು ಬರ್ತೀನಿ, ಇರಿ." ಚಪ್ಪಲಿಯ ಸದ್ದು, ದಪ್ಪ ಬಾಗಿಲು ತೆರೆದು ಮುಚ್ಚಿದ ಸದ್ದು. ಅಷ್ಟೇ.

ಚಿಟ್ಟು ಉಸಿರು ಬಿಟ್ಟಿದ್ದಳು. ಯಾವಾಗ ಬಿಟ್ಟಳೋ ನಾನು ಗಮನಿಸಲಿಲ್ಲ. ನನ್ನ ಅಂಗೈ ಒದ್ದೆಯಾಗಿತ್ತು. ಮೀಟರ್ ನಿಲ್ಲಿಸಲು ಕೈ ಚಾಚಿದರು.

"ಬೇಡ ಮಾಮ," ಎಂದಳು. "ಅಮ್ಮ ಬರ್ಲಿ."

ಸ್ಪೀಕರಿನಿಂದ ಖಾಲಿ ಕೋಣೆ ಕೇಳಿಸುತ್ತಿತ್ತು. ಏನೂ ಇಲ್ಲದ ಸದ್ದು ಅಂದರೆ ಏನೂ ಇಲ್ಲವೆಂದಲ್ಲ. ಸದ್ದು ಹೀರಲು ಗೋಡೆಗೆ ಹೊದಿಸಿದ ಬಟ್ಟೆಯೊಳಗೆ ಏನೋ ಇರುತ್ತದೆ, ದೀಪದೊಳಗೆ ಏನೋ ಇರುತ್ತದೆ, ಈಗಷ್ಟೇ ಯಾರೋ ಎದ್ದುಹೋದ ಕುರ್ಚಿಯ ಮೆತ್ತೆ ನಿಧಾನಕ್ಕೆ ಮೇಲೇರುತ್ತದೆ. ಮೀಟರ್ ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದರು. "ಹೊಸ ಕಂತುಗಳ ಮಾತಿನ ಕೆಳಗೆಲ್ಲ ಇದನ್ನೇ ಹಾಸಿರೋದು. ಇಷ್ಟು ಶುದ್ಧವಾದ ಖಾಲಿ ಬೇರೆ ಎಲ್ಲೂ ಸಿಗಲಿಲ್ಲ."

ಅವತ್ತು ಅಕ್ಕ ಹೊರಗೆ ನೀರು ಕುಡಿದವಳು ಅಲ್ಲೇ ಬೆಂಚಿನ ಮೇಲೆ ಕೂತಳು. ಯಾಕೋ ಆಗ್ತಿಲ್ಲ ಕಣೇ, ನಾಳೆ ಮುಗಿಸೋಣ ಎಂದಳು. ನಾನೇ ಟ್ಯಾಕ್ಸಿ ಕರೆದು ಕೂರಿಸಿ ಕಳಿಸಿದ್ದೆ. ಆ ನಾಳೆ ಬರಲಿಲ್ಲ, ಅವಳು ಹಾಸಿಗೆ ಹಿಡಿದಳು. ಗಲಾಟೆಯಲ್ಲಿ ಮೀಟರ್ ಮೈಕು ಆರಿಸುವುದನ್ನು ಮರೆತಿದ್ದರು.

ಚಿಟ್ಟು ಕಾದಳು. ನಾವೂ ಕಾದೆವು. ಕೇಳುತ್ತ ಕೇಳುತ್ತ, ಬಾಗಿಲು ತೆರೆದೇಬಿಡಬಹುದು ಎಂದು ನನಗೂ ಅನ್ನಿಸತೊಡಗಿತು. ತೆರೆಯಿತು ಕೂಡ. ಮೂವರೂ ಒಟ್ಟಿಗೆ ಮುಂದಕ್ಕೆ ಬಾಗಿದೆವು. ಹೆಜ್ಜೆಗಳು ಹತ್ತಿರ ಬಂದವು, ಭಾರವಾದವು, ಜೊತೆಗೆ ಯಾರೋ ಮೂಗಿನಲ್ಲೇ ಗುನುಗುತ್ತಿದ್ದ ಹಾಡು. ಟಕ್ ಎಂದಿತು. ಗೆರೆ ನಿಂತಿತು.

"ಅದು ನೀವು," ಎಂದಳು ಚಿಟ್ಟು, ಮೀಟರ್ ಕಡೆ ತಿರುಗಿ. "ಹಾಡ್ತಿದ್ರಿ."

"ನಾನಾ? ನಾನು ಹಾಡೋದೇ ಇಲ್ಲ ಪುಟ್ಟಿ," ಎಂದ ಮೀಟರರ ಕಿವಿ ಕೆಂಪಾಗಿತ್ತು. "ಅವತ್ತು ಹಾಡಿದ್ನಾ?"

"ಅಷ್ಟೇನಾ? ಆಮೇಲೆ ಅಮ್ಮ ಬರಲಿಲ್ವಾ?"

"ಇಲ್ಲ," ಎಂದೆ ನಾನು.

"ಹಾಗಾದ್ರೆ ಹೊಸ ಕಥೆ?"

ಅವಳ ಮುಖ ನೋಡಿದೆ. ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವಾಗಿನ ಮುಖವೇ. ಸುಳ್ಳು ಹೇಳಿದರೆ ಎಲ್ಲಿ ಸುತ್ತು ಹಾಕುತ್ತಾಳೆಂದು ನನಗೆ ಗೊತ್ತಿತ್ತು.

"ನಾವು ಮಾಡಿದ್ದು. ಅಮ್ಮ ಮುಂಚೆ ಹೇಳಿದ್ದನ್ನೆಲ್ಲ ತುಂಡು ತುಂಡು ಮಾಡಿ ಸೇರಿಸಿದ್ವಿ."

"ಯಾಕೆ?"

"ನೀನು ನಗ್ತೀಯಲ್ಲ, ಅದಕ್ಕೆ."

ಅವಳು ಕುರ್ಚಿಯಲ್ಲಿ ಕಾಲು ಆಡಿಸಿದಳು. "ಚೆನ್ನಾಗೇ ಮಾಡಿದೀರ," ಎಂದಳು, ದೊಡ್ಡವರು ಮಕ್ಕಳ ಚಿತ್ರಕ್ಕೆ ಹೇಳುವ ಹಾಗೆ. "ಆದ್ರೆ ಅಮ್ಮಂಗೆ ಗುಡುಗು ಅಂದ್ರೆ ತುಂಬಾ ಭಯ ಇತ್ತು. ಹೊದಿಕೆ ಒಳಗೆ ಸೇರ್ಕೋತಿದ್ಲು. ಭಯ ಇಲ್ಲಪ್ಪ ಅಂತ ಅವಳು ಹೇಳೋದೇ ಇಲ್ಲ." ಮತ್ತೆ ಕಾಲು ಆಡಿಸಿದಳು. "ಇನ್ನು ಮಾಡ್ಬೇಡಿ."

"ಬೇರೆಯವರು ಬಂದ್ರೆ ಹಳೇದೆಲ್ಲ ಹೋಗುತ್ತೆ ಚಿಟ್ಟು. ಅಮ್ಮನ ದನಿ ಟಿವಿಯಲ್ಲಿ ಇನ್ನು ಬರಲ್ಲ. ಆಗುತ್ತಾ?"

"ಇದು ಇರುತ್ತಾ?" ಪರದೆಯ ಮೇಲಿನ ಗೆರೆಯತ್ತ ಬೆರಳು ಮಾಡಿದಳು. "ಕಿವಿ ಹೋಯ್ತಾ ಅಂದಿದ್ದು?"

"ಅದನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದರು ಮೀಟರ್, ಯಾರ ಜೊತೆಗೋ ಜಗಳಕ್ಕೆ ನಿಂತವರಂತೆ.

"ಹಾಗಾದ್ರೆ ಆಗುತ್ತೆ."

ಮೀಟರ್ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅರ್ಧ ಮುಗಿದ ಕೊನೆಯ ಕಂತು ಪರದೆಯ ಬಲ ಮೂಲೆಯಲ್ಲಿತ್ತು, ನೂರಾರು ಸಣ್ಣ ತುಣುಕುಗಳ ಸಾಲು. ಅವರು ಅದನ್ನು ಮುಚ್ಚಿದರು. ನಾಳೆ ಬೆಳಿಗ್ಗೆ ಚಾನೆಲ್‌ನವರಿಗೆ ಫೋನು ಮಾಡಿ ಬೇರೆ ದನಿ ಕಳಿಸಲು ಹೇಳುತ್ತೇನೆ ಎಂದರು. ಇಷ್ಟು ದಿನ ಅಕ್ಕನ ಮಾತನ್ನು ಎಣಿಸುತ್ತ ಬದುಕಿದವಳಿಗೆ ಇನ್ನು ಯಾವ ಪದ ಬೇಕಾದರೂ ಬರೆಯಬಹುದು ಎಂಬುದು ಬಯಲಿನ ನಡುವೆ ಒಬ್ಬಳನ್ನೇ ಬಿಟ್ಟುಹೋದ ಹಾಗೆ ಕಂಡಿತು.

ಆ ಹೊತ್ತಿಗೆ ಚಿಟ್ಟು ಕುರ್ಚಿಯಿಂದ ಇಳಿದು ಗಾಜಿನಾಚೆಯ ಕೋಣೆಗೆ ಹೋಗಿಯಾಗಿತ್ತು. ದಪ್ಪ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅಕ್ಕನ ಕುರ್ಚಿಯ ಮೇಲೆ ಹತ್ತಿ ಕೂತು, ತಲೆಗಿಂತ ದೊಡ್ಡ ಹೆಡ್‌ಫೋನ್ ಹಾಕಿಕೊಂಡಳು. ಮೀಟರ್ ರೂಢಿಯ ಮೇಲೆ ಮೈಕು ತೆರೆದರು. ಸ್ಪೀಕರಿನಲ್ಲಿ ಅದೇ ಕೋಣೆ ತುಂಬಿಕೊಂಡಿತು, ಅದೇ ಗೋಡೆ, ಅದೇ ದೀಪ. ಆ ಖಾಲಿಯೊಳಗೆ ಪುಟ್ಟದಾಗಿ, ಯಾವ ಅಡ್ಡಿಯೂ ಇಲ್ಲದೆ, ಒಂದು ಉಸಿರು ಹೋಗಿ ಬರುತ್ತಿತ್ತು.

"ಇಲ್ಲಿ ತುಂಬಾ ಸುಮ್ನಿದೆ," ಎಂದಿತು ಸ್ಪೀಕರು. "ಅಮ್ಮಂಗೆ ಭಯ ಆಗ್ತಿರ್ಲಿಲ್ವಾ?"

ಮೀಟರ್ ಒಳಗಿನವರ ಜೊತೆ ಮಾತಾಡುವ ಗುಂಡಿ ಒತ್ತಿದರು. "ನಾನು ಇಲ್ಲಿಂದ ಮಾತಾಡಿಸ್ತಾ ಇರ್ತಿದ್ದೆ."

"ಮತ್ತೆ ಈಗ್ಲೂ ಮಾತಾಡಿ."

ಅವರು ಬಾಯಿ ತೆರೆದರು. ತುಟಿ ಅಲುಗಿತು, ದನಿ ಬರಲಿಲ್ಲ. ಗುಂಡಿಯ ಮೇಲಿನ ಬೆರಳು ಹಾಗೇ ಇತ್ತು. ಚಿಟ್ಟು ಗಾಜಿನೊಳಗಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆ ಮೌನ ಇನ್ನೂ ಒಂದು ಗಳಿಗೆ ಉಳಿದರೆ ಅವಳು ಮತ್ತೆ ಕಿವಿಗೊಟ್ಟು ಕಾಯತೊಡಗುತ್ತಾಳೆ ಎಂದು ನನಗೆ ಹೊಳೆಯಿತು. ಮೀಟರರ ಬೆರಳು ಸರಿಸಿ ನಾನು ಗುಂಡಿ ಒತ್ತಿದೆ.

ಏನು ಹೇಳಿದೆನೋ. ಇನ್ಸ್‌ಪೆಕ್ಟರ್ ಬೆಳಿಗ್ಗೆ ಅವಳ ಅಪ್ಪನ ಟೂಲ್ ಚೀಲದೊಳಗೆ ಹೋಗಿ ಗ್ರೀಸು ಮೆತ್ತಿಕೊಂಡು ಬಂದದ್ದು, ಅದನ್ನು ತೊಳೆಯಲು ಹೋಗಿ ಅಪ್ಪನೇ ನೆನೆದದ್ದು, ಬಸ್ಸಿನಲ್ಲಿ ಎದುರಿಗೆ ಕೂತಿದ್ದವರ ಕೊಡೆಯ ಹಿಡಿ ಬಾತುಕೋಳಿಯ ತಲೆಯಂತಿದ್ದದ್ದು, ನನ್ನ ಎಡಗಾಲಿನ ಹೊಸ ಚಪ್ಪಲಿ ಕಚ್ಚುತ್ತಿರುವುದು. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹುಡುಕದೆ, ಹೊಂದಿಸದೆ, ಯಾರ ಬಾಯಿ ಯಾವಾಗ ಮುಚ್ಚುತ್ತದೆ ಎಂದು ನೋಡದೆ. ನಿಲ್ಲಿಸಿದರೆ ಕೆಳಗೆ ಹಾಸಿರುವ ಆ ಖಾಲಿ ಮೇಲೆದ್ದು ಬರುತ್ತದೆ ಎಂಬ ಹೆದರಿಕೆಯಲ್ಲಿ ಒಂದರ ಬಾಲಕ್ಕೆ ಇನ್ನೊಂದು ಸೇರಿಸುತ್ತ ಹೋದೆ. ಚಿಟ್ಟು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ತಲೆ ಓರೆ ಮಾಡಿ ಕೇಳುತ್ತಿದ್ದಳು.

"ಚಿಕ್ಕಿ," ಎಂದಳು ಕೊನೆಗೆ, ಮೈಕಿಗೆ ಮೂಗು ತಾಗುವಷ್ಟು ಬಗ್ಗಿ. "ನಾನೆಲ್ಲೂ ಹೋಗಲ್ಲ. ನೀನು ಒಂಚೂರು ಉಸಿರು ತಗೋ."